ಷರ್ಲಾಕ್‌ನನ್ನು ಹುಟ್ಟಿಸಿದ ಡಾಕ್ಟರ್: ಆರ್ಥರ್ ಕಾನನ್ ಡಾಯ್ಲ್

ಮೊದಲು ಒಂದು ತಪ್ಪೊಪ್ಪಿಗೆ. ಫಸ್ಟ್ ಇಯರ್ ಫಿಸಿಕ್ಸ್ ಲ್ಯಾಬ್‌ನಲ್ಲಿ ಯಂಗ್ಸ್ ಮಾಡ್ಯುಲಸ್ ಪ್ರಯೋಗ ಇತ್ತು. ನಮ್ಮ ಬ್ಯಾಚಿನ ರೀಡಿಂಗ್‌ಗಳು ಗ್ರಾಫ್ ಶೀಟಿನ ಮೇಲೆ ಸರಳರೇಖೆಯಾಗಿ ಬರಲೇ ಇಲ್ಲ. ಜಾತ್ರೆಯಲ್ಲಿ ಕೈ ತಪ್ಪಿದ ಮಕ್ಕಳ ಹಾಗೆ ಒಂದೊಂದು ಚುಕ್ಕೆ ಒಂದೊಂದು ಕಡೆ ನಿಂತಿತ್ತು. ಲ್ಯಾಬ್ ಮುಗಿಯಲು ಹತ್ತೇ ನಿಮಿಷ ಉಳಿದಿತ್ತು. ಉತ್ತರ ಎಷ್ಟು ಬರಬೇಕು ಅನ್ನೋದು ಸೀನಿಯರ್ ಕೊಟ್ಟ ರೆಕಾರ್ಡ್‌ನಲ್ಲಿ ಇದ್ದೇ ಇತ್ತು. ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗ್ ಬರೆದೆವು. ಗೆರೆ ನೆಟ್ಟಗೆ ಬಂತು, ಸಹಿಯೂ ಬಿತ್ತು.

ಅದೇ ರಾತ್ರಿ ಹಾಸ್ಟೆಲ್‌ನಲ್ಲಿ ಕರೆಂಟ್ ಇರಲಿಲ್ಲ. ಫೋನಿನಲ್ಲಿ ಡೌನ್‌ಲೋಡ್ ಮಾಡಿಟ್ಟಿದ್ದ ಷರ್ಲಾಕ್ ಹೋಮ್ಸ್ ಕಥೆ ತೆರೆದೆ. 'ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ'. ಅದರ ಮೊದಲ ಕೆಲವು ಪುಟಗಳಲ್ಲೇ ಹೋಮ್ಸ್ ತನ್ನ ಗೆಳೆಯ ವಾಟ್ಸನ್‌ಗೆ ಒಂದು ಪಾಠ ಹೇಳುತ್ತಾನೆ. ಮಾಹಿತಿ ಕೈಗೆ ಬರುವ ಮೊದಲೇ ತೀರ್ಮಾನ ಮಾಡಿಕೊಂಡರೆ, ಆಮೇಲೆ ಸಿಗುವ ಮಾಹಿತಿಯನ್ನೆಲ್ಲ ಆ ತೀರ್ಮಾನಕ್ಕೆ ತಕ್ಕ ಹಾಗೆ ಬಗ್ಗಿಸಿಬಿಡುತ್ತೇವೆ ಎಂಬ ಅರ್ಥದ ಪಾಠ. ಬೆಳಗಿನ ಗ್ರಾಫ್ ಶೀಟ್ ಕಣ್ಣ ಮುಂದೆ ಬಂದು, ಯಾರೋ ಕಿವಿ ಹಿಂಡಿದ ಹಾಗಾಯಿತು.

ಈ ಮಾತನ್ನು ಹೋಮ್ಸ್ ಬಾಯಲ್ಲಿ ಹೇಳಿಸಿದ ಮನುಷ್ಯ ಯಾರು ಅಂತ ಹುಡುಕುತ್ತಾ ಹೋದೆ. ಆ ಮನುಷ್ಯನ ಬದುಕು ಅವನು ಬರೆದ ಕಥೆಗಳಿಗಿಂತ ವಿಚಿತ್ರವಾಗಿದೆ. ತಾನೇ ಹೇಳಿದ ಪಾಠವನ್ನು ಅವನು ಒಮ್ಮೆ ಪಾಲಿಸಿ ಒಬ್ಬ ನಿರಪರಾಧಿಯನ್ನು ಉಳಿಸಿದ. ಇನ್ನೊಮ್ಮೆ ಮರೆತು ಜಗತ್ತಿನ ಮುಂದೆ ನಗೆಪಾಟಲಿಗೆ ಈಡಾದ. ಈ ಲೇಖನ ಅವನ ಬಗ್ಗೆ.

ಎಡಿನ್‌ಬರೋದ ಹುಡುಗ

ಆರ್ಥರ್ ಕಾನನ್ ಡಾಯ್ಲ್ ಹುಟ್ಟಿದ್ದು 1859ರ ಮೇ 22ರಂದು, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಐರಿಷ್ ಮೂಲದ ಕ್ಯಾಥೊಲಿಕ್ ಕುಟುಂಬ. ಅಪ್ಪ ಚಾರ್ಲ್ಸ್ ಸರ್ಕಾರಿ ಕಟ್ಟಡಗಳ ಕಚೇರಿಯಲ್ಲಿ ನಕ್ಷೆ ಬರೆಯುವ ನೌಕರ. ಒಳ್ಳೆಯ ಚಿತ್ರಕಾರನೂ ಹೌದು. ಆದರೆ ಕುಡಿತ ಅವನನ್ನು ತಿಂದುಹಾಕಿತು. ಕೆಲಸ ಹೋಯಿತು, ಮನಸ್ಸಿನ ಹಿಡಿತವೂ ತಪ್ಪಿತು. ಬದುಕಿನ ಕೊನೆಯ ವರ್ಷಗಳನ್ನು ಅವನು ಮಾನಸಿಕ ಆಸ್ಪತ್ರೆಗಳಲ್ಲೇ ಕಳೆದ. ಮನೆ ತುಂಬ ಮಕ್ಕಳು, ಕೈಯಲ್ಲಿ ಕಾಸಿಲ್ಲ. ಅಂಥ ಮನೆಯನ್ನು ಎಳೆದವಳು ಅಮ್ಮ ಮೇರಿ. ಓದಿನ ಹುಚ್ಚು ಅವಳಿಗೆ. ಮಕ್ಕಳಿಗೆ ಕಥೆ ಹೇಳುವುದರಲ್ಲಿ ಎತ್ತಿದ ಕೈ. ತನಗೆ ಕಥೆಯ ರುಚಿ ಹತ್ತಿದ್ದು ಅಮ್ಮನಿಂದಲೇ ಅಂತ ಡಾಯ್ಲ್ ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದ.

ಅಪ್ಪನ ಕಡೆಯ ನೆಂಟರು ಅನುಕೂಲಸ್ಥರು. ಅವರ ಸಹಾಯದಿಂದ ಇಂಗ್ಲೆಂಡಿನ ಸ್ಟೋನಿಹರ್ಸ್ಟ್ ಎಂಬ ಜೆಸ್ಯೂಟ್ ಶಾಲೆಯಲ್ಲಿ ಓದು. 1876ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಸೀಟು. ಮನೆಗೆ ದುಡ್ಡು ಬೇಕಾಗಿತ್ತು, ಡಾಕ್ಟರ್ ಆದರೆ ದುಡ್ಡು ಬರುತ್ತದೆ ಎಂಬುದೇ ಲೆಕ್ಕಾಚಾರ. ಇಂಜಿನಿಯರಿಂಗ್ ಸೇರಿದ ನಮಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೋಡುವುದನ್ನು ಕಲಿಸಿದ ಮೇಷ್ಟ್ರು

ಅಲ್ಲಿ ಸಿಕ್ಕವರು ಡಾ. ಜೋಸೆಫ್ ಬೆಲ್. ಶಸ್ತ್ರಚಿಕಿತ್ಸೆಯ ಮೇಷ್ಟ್ರು. ತೆಳ್ಳನೆಯ ದೇಹ, ಚೂಪು ಮೂಗು, ಅದಕ್ಕಿಂತ ಚೂಪು ಕಣ್ಣು. ಡಾಯ್ಲ್‌ನನ್ನು ಅವರು ತಮ್ಮ ಹೊರರೋಗಿ ವಿಭಾಗದ ಗುಮಾಸ್ತನಾಗಿ ಇಟ್ಟುಕೊಂಡರು. ಒಬ್ಬೊಬ್ಬರೇ ರೋಗಿಯನ್ನು ವಿಚಾರಿಸಿ, ಚೀಟಿ ಬರೆದು, ಒಳಗೆ ಕಳಿಸುವುದು ಇವನ ಕೆಲಸ. ಇವನು ಹತ್ತು ಪ್ರಶ್ನೆ ಕೇಳಿ ತಿಳಿದದ್ದಕ್ಕಿಂತ ಹೆಚ್ಚನ್ನು ಬೆಲ್ ಮೇಷ್ಟ್ರು ಒಂದು ನೋಟದಲ್ಲಿ ಹೇಳಿಬಿಡುತ್ತಿದ್ದರು.

ಒಂದು ಸಲ ಹೀಗಾಯಿತಂತೆ. ಸಾಮಾನ್ಯ ಬಟ್ಟೆ ಹಾಕಿಕೊಂಡ ಒಬ್ಬ ರೋಗಿ ಬಂದ. ಅವನು ಬಾಯಿ ಬಿಡುವ ಮೊದಲೇ ಬೆಲ್, ಈತ ಇತ್ತೀಚೆಗಷ್ಟೇ ಸೈನ್ಯ ಬಿಟ್ಟವನು, ಹೈಲ್ಯಾಂಡ್ ದಳದ ಕೆಳದರ್ಜೆಯ ಅಧಿಕಾರಿ, ಬಾರ್ಬಡೋಸ್‌ನಲ್ಲಿ ಇದ್ದವನು ಎಂದುಬಿಟ್ಟರು. ಎಲ್ಲವೂ ಸರಿ! ಹುಡುಗರು ಬಾಯಿ ಬಿಟ್ಟುಕೊಂಡು ಕೂತರು. ಆಮೇಲೆ ವಿವರಣೆ ಬಂತು. ಮರ್ಯಾದಸ್ಥ ಮನುಷ್ಯ, ಆದರೂ ಒಳಗೆ ಬಂದಾಗ ಟೋಪಿ ತೆಗೆಯಲಿಲ್ಲ. ಸೈನ್ಯದಲ್ಲಿ ಟೋಪಿ ತೆಗೆಯುವ ಅಭ್ಯಾಸ ಇಲ್ಲ. ಬಿಟ್ಟು ಬಹಳ ದಿನ ಆಗಿದ್ದರೆ ಊರಿನ ರೂಢಿ ಮತ್ತೆ ಬಂದಿರುತ್ತಿತ್ತು. ನಿಲುವಿನಲ್ಲಿ ಅಧಿಕಾರದ ಗತ್ತಿದೆ, ಸ್ಕಾಟ್ಲೆಂಡಿನವನು ಅನ್ನೋದು ಕಾಣುತ್ತಿದೆ. ಇನ್ನು ಕಾಯಿಲೆ ಆನೆಕಾಲು. ಅದು ವೆಸ್ಟ್ ಇಂಡೀಸ್ ಕಡೆಯದು, ಬ್ರಿಟನ್ನಿನದಲ್ಲ. ವಿವರಣೆ ಕೇಳಿದ ಮೇಲೆ ಎಲ್ಲರಿಗೂ ಇಷ್ಟೇನಾ ಅನ್ನಿಸಿತು. ಹೋಮ್ಸ್ ಕಥೆ ಓದಿದವರಿಗೆ ಈ ಇಷ್ಟೇನಾ ಚೆನ್ನಾಗಿ ಗೊತ್ತು.

ಓದಿನ ನಡುವೆಯೇ ದುಡ್ಡಿಗಾಗಿ ಅಲ್ಲಿ ಇಲ್ಲಿ ಡಾಕ್ಟರುಗಳ ಕೈಕೆಳಗೆ ದುಡಿದ. 1879ರಲ್ಲಿ ಮೊದಲ ಕಥೆ 'ಚೇಂಬರ್ಸ್ ಜರ್ನಲ್' ಎಂಬ ಪತ್ರಿಕೆಯಲ್ಲಿ ಬಂತು. ಅದೇ ವರ್ಷ ಜೆಲ್ಸೆಮಿಯಂ ಎಂಬ ವಿಷದ ಸಸ್ಯದ ಔಷಧಿಯನ್ನು ದಿನದಿನಕ್ಕೆ ಹೆಚ್ಚಿಸುತ್ತಾ ತಾನೇ ಕುಡಿದು, ದೇಹಕ್ಕೆ ಏನಾಗುತ್ತದೆ ಎಂದು ಬರೆದಿಟ್ಟು, ವೈದ್ಯಕೀಯ ಪತ್ರಿಕೆಗೆ ಕಳಿಸಿದ! (ದಯವಿಟ್ಟು ಯಾರೂ ಹಾಸ್ಟೆಲ್‌ನಲ್ಲಿ ಇದನ್ನು ಮಾಡಬೇಡಿ.) 1880ರಲ್ಲಿ 'ಹೋಪ್' ಎಂಬ ತಿಮಿಂಗಿಲ ಬೇಟೆಯ ಹಡಗು ಹತ್ತಿ ಡಾಕ್ಟರಾಗಿ ಆರ್ಕ್‌ಟಿಕ್ ಸಮುದ್ರಕ್ಕೆ ಹೋದ. ಹಿಮದ ಹಾಳೆಗಳ ನಡುವೆ ಹಲವು ಸಲ ನೀರಿಗೆ ಬಿದ್ದು ಬದುಕಿ ಬಂದ.

ರೋಗಿಗಳಿಲ್ಲದ ಕ್ಲಿನಿಕ್

1881ರಲ್ಲಿ ಡಿಗ್ರಿ. ಮರುವರ್ಷ ಪೋರ್ಟ್ಸ್‌ಮತ್ ಬಳಿಯ ಸೌತ್‌ಸೀಯಲ್ಲಿ ಬಾಡಿಗೆ ಮನೆ ಹಿಡಿದು ಬೋರ್ಡು ಹಾಕಿದ. ಕೈಯಲ್ಲಿದ್ದದ್ದು 10 ಪೌಂಡಿಗಿಂತ ಕಡಿಮೆ. ರೋಗಿಗಳು ಕೂರುವ ಕೋಣೆಗೆ ಮಾತ್ರ ಕುರ್ಚಿ ಮೇಜು. ಒಳಗಿನ ಕೋಣೆಗಳು ಖಾಲಿ. ಮೊದಲ ವರ್ಷದ ಸಂಪಾದನೆ 154 ಪೌಂಡ್. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲವೆಂದು ಬರೆದು ಕಳಿಸಿದ ಫಾರ್ಮು, ಇದು ತೃಪ್ತಿಕರವಾಗಿಲ್ಲ ಎಂಬ ಷರಾದೊಂದಿಗೆ ಕಚೇರಿಯಿಂದ ವಾಪಸ್ ಬಂತು. ಅದರ ಕೆಳಗೆ ಡಾಯ್ಲ್ ತನ್ನದೂ ಅದೇ ಅಭಿಪ್ರಾಯ ಎಂದು ಬರೆದು ತಿರುಗಿ ಕಳಿಸಿದ.

1885ರಲ್ಲಿ ಜಾಕ್ ಹಾಕಿನ್ಸ್ ಎಂಬ ಯುವಕನನ್ನು ತನ್ನ ಮನೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ಕೊಟ್ಟ. ಮಿದುಳು ಜ್ವರ. ಹುಡುಗ ಉಳಿಯಲಿಲ್ಲ. ಆ ದುಃಖದ ದಿನಗಳಲ್ಲಿ ಪರಿಚಯವಾದ ಅವನ ಅಕ್ಕ ಲೂಯಿಸಾಳನ್ನು ಅದೇ ವರ್ಷ ಮದುವೆಯಾದ.

ರೋಗಿಗಳು ಬಾರದ ಗಂಟೆಗಳಲ್ಲಿ ಡಾಯ್ಲ್ ಬರೆಯುತ್ತಿದ್ದ. ಪತ್ತೇದಾರಿ ಕಥೆ ಅವನ ಸ್ವಂತ ಆವಿಷ್ಕಾರ ಏನಲ್ಲ. ಅಮೆರಿಕದ ಎಡ್ಗರ್ ಅಲನ್ ಪೋ 1841ರಲ್ಲೇ ಡ್ಯುಪಾಂ ಎಂಬ ಪತ್ತೇದಾರನನ್ನು ಸೃಷ್ಟಿಸಿದ್ದ. ಫ್ರಾನ್ಸಿನ ಗಾಬೊರಿಯೊ ಬರೆದ ಲೆಕಾಕ್ ಕೂಡ ಇದ್ದ. ಆದರೆ ಬಹಳಷ್ಟು ಪತ್ತೇದಾರರು ಕಾಕತಾಳೀಯದಿಂದ ಗೆಲ್ಲುತ್ತಿದ್ದರು, ಹೇಗೆ ಕಂಡುಹಿಡಿದರು ಅನ್ನೋದೇ ತಿಳಿಯುತ್ತಿರಲಿಲ್ಲ. ಬೆಲ್ ಮೇಷ್ಟ್ರು ಪತ್ತೇದಾರರಾಗಿದ್ದರೆ ಹೇಗಿರುತ್ತಿತ್ತು ಎಂದು ಡಾಯ್ಲ್ ಯೋಚಿಸಿದ. ಮೊದಲ ಟಿಪ್ಪಣಿಯಲ್ಲಿ ನಾಯಕನ ಹೆಸರು ಶೆರಿನ್‌ಫೋರ್ಡ್ ಹೋಮ್ಸ್, ಗೆಳೆಯನ ಹೆಸರು ಆರ್ಮಂಡ್ ಸ್ಯಾಕರ್. ಆಮೇಲೆ ಅವರು ಷರ್ಲಾಕ್ ಮತ್ತು ವಾಟ್ಸನ್ ಆದರು. ಬಚಾವ್!

1886ರಲ್ಲಿ ಬರೆದ 'ಎ ಸ್ಟಡಿ ಇನ್ ಸ್ಕಾರ್ಲೆಟ್' ಹಲವು ಪ್ರಕಾಶಕರ ಮನೆ ಸುತ್ತಿ ವಾಪಸ್ ಬಂತು. ಕೊನೆಗೆ ವಾರ್ಡ್ ಲಾಕ್ ಸಂಸ್ಥೆ 25 ಪೌಂಡಿಗೆ ಎಲ್ಲಾ ಹಕ್ಕುಗಳನ್ನೂ ಕೊಂಡಿತು. 1887ರ ಕ್ರಿಸ್‌ಮಸ್ ವಾರ್ಷಿಕ ಸಂಚಿಕೆಯೊಂದರಲ್ಲಿ ಅದು ಪ್ರಕಟವಾಯಿತು. ಮರುವರ್ಷ ಪುಸ್ತಕವಾಗಿ ಬಂದಾಗ ಅದಕ್ಕೆ ಚಿತ್ರ ಬರೆದವನು, ಆಸ್ಪತ್ರೆಯಲ್ಲಿದ್ದ ಅಪ್ಪ ಚಾರ್ಲ್ಸ್. ಜಗತ್ತಿನ ಅತಿ ಪ್ರಸಿದ್ಧ ಪತ್ತೇದಾರನ ಮೊದಮೊದಲ ಚಿತ್ರಗಳಲ್ಲಿ ಕೆಲವು ಹೀಗೆ ಹುಟ್ಟಿದವು ಎಂದು ನೆನೆದರೆ ಮನಸ್ಸು ಭಾರವಾಗುತ್ತದೆ.

ಪ್ರತಿ ತಿಂಗಳೂ ಒಂದು ಎಪಿಸೋಡ್

1889ರಲ್ಲಿ ಲಂಡನ್ನಿನ ಲ್ಯಾಂಗಮ್ ಹೋಟೆಲಿನಲ್ಲಿ ಒಂದು ಊಟ. ಕರೆದವನು ಅಮೆರಿಕದ 'ಲಿಪಿನ್‌ಕಾಟ್ಸ್' ಪತ್ರಿಕೆಯ ಸಂಪಾದಕ. ಬಂದ ಅತಿಥಿಗಳಲ್ಲಿ ಒಬ್ಬ ಆಸ್ಕರ್ ವೈಲ್ಡ್, ಇನ್ನೊಬ್ಬ ಡಾಯ್ಲ್. ಆ ಒಂದು ಊಟದಿಂದ ವೈಲ್ಡ್‌ನ 'ದ ಪಿಕ್ಚರ್ ಆಫ್ ಡೋರಿಯನ್ ಗ್ರೇ' ಹುಟ್ಟಿತು, ಡಾಯ್ಲ್‌ನ 'ದ ಸೈನ್ ಆಫ್ ಫೋರ್' ಕೂಡ. ಈ ಎರಡನೆಯದರ ಬೇರು ನಮ್ಮ ದೇಶದಲ್ಲಿದೆ. 1857ರ ದಂಗೆಯ ಕಾಲದ ಆಗ್ರಾ ಕೋಟೆ, ಅಲ್ಲಿ ಕದ್ದ ನಿಧಿ, ಅಂಡಮಾನ್ ಜೈಲು. ಕಥೆ ಓಡಿಸಿಕೊಂಡು ಹೋಗುತ್ತದೆ. ಆದರೆ ಅಂಡಮಾನಿನ ಬುಡಕಟ್ಟಿನವನನ್ನು ಅದರಲ್ಲಿ ಮೃಗದ ಹಾಗೆ ಚಿತ್ರಿಸಿರುವುದನ್ನು ಇವತ್ತು ಓದುವಾಗ ಮುಜುಗರವಾಗುತ್ತದೆ. ಆಳುವವರ ಕಣ್ಣಿನಿಂದ ನೋಡಿದ್ದು ಅದು. ಓದಿ, ಆದರೆ ಅದನ್ನು ಗಮನಿಸಿಯೇ ಓದಿ.

ಕಣ್ಣಿನ ಡಾಕ್ಟರ್ ಆಗಬೇಕು ಅಂತ 1891ರಲ್ಲಿ ವಿಯೆನ್ನಾಗೆ ಹೋಗಿ ಬಂದು ಲಂಡನ್ನಿನಲ್ಲಿ ಕೋಣೆ ಹಿಡಿದ. ಒಬ್ಬ ರೋಗಿಯೂ ಬಾಗಿಲು ತಟ್ಟಲಿಲ್ಲ ಎಂದು ಆಮೇಲೆ ತಾನೇ ಬರೆದುಕೊಂಡಿದ್ದಾನೆ. ಆ ಖಾಲಿ ಕೋಣೆಯಲ್ಲಿ ಒಂದು ಸರಳ ವಿಷಯ ಹೊಳೆಯಿತು. ಆಗಿನ ಪತ್ರಿಕೆಗಳಲ್ಲಿ ಧಾರಾವಾಹಿ ಬರುತ್ತಿತ್ತು. ಒಂದು ತಿಂಗಳ ಸಂಚಿಕೆ ತಪ್ಪಿದರೆ ಓದುಗನಿಗೆ ಎಳೆ ತಪ್ಪುತ್ತದೆ. ಬಿಡಿ ಕಥೆಗಳಲ್ಲಾದರೆ ಪಾತ್ರಗಳ ಮೇಲೆ ಪ್ರೀತಿ ಬೆಳೆಯುವುದಿಲ್ಲ. ಪಾತ್ರ ಅದೇ ಇರಲಿ, ಕಥೆ ಮಾತ್ರ ಪ್ರತಿ ಸಂಚಿಕೆಗೂ ಮುಗಿಯಲಿ ಎಂದುಕೊಂಡ. ಇವತ್ತು ನಾವು ರಾತ್ರಿಯಿಡೀ ಕೂತು ನೋಡುವ ಪತ್ತೇದಾರಿ ಸೀರೀಸ್‌ಗಳ ಅಚ್ಚು ಇದೇ ಅಲ್ವಾ? 1891ರ ಜುಲೈಯಿಂದ 'ದ ಸ್ಟ್ರ್ಯಾಂಡ್' ಮಾಸಪತ್ರಿಕೆಯಲ್ಲಿ ಹೋಮ್ಸ್ ಕಥೆಗಳು ಶುರುವಾದವು. ಸಿಡ್ನಿ ಪ್ಯಾಜೆಟ್ ಬರೆದ ಚಿತ್ರಗಳೂ ಜೊತೆಗೂಡಿದವು. ಕೆಲವೇ ತಿಂಗಳಲ್ಲಿ ದೇಶಕ್ಕೆ ದೇಶವೇ ಕಾಯತೊಡಗಿತು. ಡಾಯ್ಲ್ ವೈದ್ಯವೃತ್ತಿಗೆ ಕೈಮುಗಿದ.

ಈ ಕಥೆಗಳ ಒಳಗಿನ ಯಂತ್ರವನ್ನು ಸ್ವಲ್ಪ ಬಿಚ್ಚಿ ನೋಡೋಣ. ಕಥೆ ಹೇಳುವವನು ಹೋಮ್ಸ್ ಅಲ್ಲ, ವಾಟ್ಸನ್. ಹೋಮ್ಸ್ ಕಂಡದ್ದೆಲ್ಲವನ್ನೂ ಅವನೂ ನೋಡುತ್ತಾನೆ, ಆದರೆ ಗಮನಿಸುವುದಿಲ್ಲ. ಹೀಗಾಗಿ ಸುಳಿವು ನಮ್ಮ ಕಣ್ಣ ಮುಂದೆಯೇ ಇರುತ್ತದೆ, ನಮಗೂ ಕಾಣುವುದಿಲ್ಲ. 'ಸಿಲ್ವರ್ ಬ್ಲೇಜ್' ಕಥೆಯಲ್ಲಿ ರಾತ್ರಿ ನಾಯಿ ಬೊಗಳಲಿಲ್ಲ ಎಂಬುದೇ ಸುಳಿವು. ನಡೆದದ್ದನ್ನು ಎಲ್ಲರೂ ನೋಡುತ್ತಾರೆ, ನಡೆಯದ್ದನ್ನು ಯಾರು ನೋಡುತ್ತಾರೆ? ಕೋಡ್ ಡೀಬಗ್ ಮಾಡುವಾಗ ಬರಬೇಕಾಗಿದ್ದ ಲಾಗ್ ಯಾಕೆ ಬರಲಿಲ್ಲ ಎಂದು ಹುಡುಕುತ್ತೇವಲ್ಲ, ಅದೇ ದಾರಿ.

ಹಾಗಂತ ಡಾಯ್ಲ್ ತಪ್ಪೇ ಮಾಡದವನಲ್ಲ. ವಾಟ್ಸನ್‌ಗೆ ಗುಂಡು ತಗುಲಿದ್ದು ಒಂದು ಪುಸ್ತಕದಲ್ಲಿ ಭುಜಕ್ಕೆ, ಇನ್ನೊಂದರಲ್ಲಿ ಕಾಲಿಗೆ! 'ದ ಸ್ಪೆಕಲ್ಡ್ ಬ್ಯಾಂಡ್' ಕಥೆಯಲ್ಲಿ ಭಾರತದಿಂದ ತಂದ ಬಬೂನ್ ಇದೆ. ಭಾರತದ ಕಾಡಿನಲ್ಲಿ ಬಬೂನ್ ಇಲ್ಲವೇ ಇಲ್ಲ. ಅದೇ ಕಥೆಯ ಭಾರತದ ಹಾವು ಸಿಳ್ಳೆ ಕೇಳಿ ವಾಪಸ್ ಬರುತ್ತದೆ, ಹಗ್ಗ ಹತ್ತುತ್ತದೆ, ಹಾಲು ಕುಡಿಯುತ್ತದೆ. ಹಾವಿಗೆ ಹಾಲು ಕುಡಿಸುವ ವಿಷಯದಲ್ಲಿ ಮಾತ್ರ ನಮ್ಮ ನಾಗರಪಂಚಮಿಯ ಅಜ್ಜಿಯರೂ ಡಾಯ್ಲ್‌ನೂ ಒಂದೇ ಪಾರ್ಟಿ.

ಜಲಪಾತದ ತುದಿಯಲ್ಲಿ

ಹೆಸರು ಬಂತು, ಹಣ ಬಂತು. ಡಾಯ್ಲ್‌ಗೆ ಹೋಮ್ಸ್ ಬೇಜಾರಾಗತೊಡಗಿದ. ತಾನು ಗಂಭೀರ ಐತಿಹಾಸಿಕ ಕಾದಂಬರಿಕಾರ, ಈ ಪತ್ತೇದಾರ ತನ್ನ ಸಮಯವನ್ನೆಲ್ಲ ನುಂಗುತ್ತಿದ್ದಾನೆ ಎಂಬ ಕೊರಗು. 1891ರ ಕೊನೆಗೇ ಹೋಮ್ಸ್‌ನನ್ನು ಮುಗಿಸುವ ಯೋಚನೆಯನ್ನು ಅಮ್ಮನಿಗೆ ಬರೆದ. ಅಮ್ಮ ಬಿಲ್‌ಕುಲ್ ಒಪ್ಪಲಿಲ್ಲ. ತಾನೇ ಒಂದು ಕಥೆಯ ಎಳೆ ಕೊಟ್ಟಳು. ಪತ್ರಿಕೆಯವರು ಮತ್ತೆ ಹನ್ನೆರಡು ಕಥೆ ಕೇಳಿದಾಗ, ಹೇಗೂ ಕೊಡಲಾರರು ಎಂದು 1,000 ಪೌಂಡ್ ಕೇಳಿದ. ಅವರು ಕೊಟ್ಟೇಬಿಟ್ಟರು!

1893 ಕೆಟ್ಟ ವರ್ಷ. ಹೆಂಡತಿ ಲೂಯಿಸಾಗೆ ಕ್ಷಯ ಎಂದು ಗೊತ್ತಾಯಿತು. ಸ್ವತಃ ಡಾಕ್ಟರಾದ ಗಂಡನಿಗೆ ಅಷ್ಟು ದಿನ ಅದು ಹೊಳೆದಿರಲಿಲ್ಲ. ಅಕ್ಟೋಬರಿನಲ್ಲಿ ಅಪ್ಪ ತೀರಿಕೊಂಡ. ಡಿಸೆಂಬರಿನಲ್ಲಿ ಹೋಮ್ಸ್ ಕೂಡ ಹೋದ. ಸ್ವಿಟ್ಜರ್ಲೆಂಡಿನ ರೈಕೆನ್‌ಬಾಕ್ ಜಲಪಾತದ ಅಂಚಿನಲ್ಲಿ ಶತ್ರು ಮೊರಿಯಾರ್ಟಿಯ ಜೊತೆ ಕಾದಾಡುತ್ತಾ ಆಳಕ್ಕೆ ಬಿದ್ದ. ಓದುಗರು ಬೈದು ಪತ್ರ ಬರೆದರು. ಸ್ಟ್ರ್ಯಾಂಡ್ ಪತ್ರಿಕೆಗೆ 20,000 ಚಂದಾದಾರರು ಕೈಕೊಟ್ಟರು ಎನ್ನುತ್ತಾರೆ. ಡಾಯ್ಲ್ ಮಾತ್ರ ನಿರಾಳ. ಹೆಂಡತಿಯನ್ನು ಗಾಳಿ ಬದಲಾವಣೆಗೆಂದು ದಾವೋಸ್‌ಗೆ ಕರೆದುಕೊಂಡು ಹೋದ, ಅಲ್ಲಿ ಹಿಮದ ಮೇಲೆ ಸ್ಕೀಯಿಂಗ್ ಕಲಿತ. ಕ್ರಿಕೆಟ್ ಹುಚ್ಚರಿಗೊಂದು ಮಾಹಿತಿ: ಇವನು ಪ್ರಥಮ ದರ್ಜೆ ಕ್ರಿಕೆಟ್ಟನ್ನೂ ಆಡಿದ್ದ. ಅದರಲ್ಲಿ ಪಡೆದದ್ದು ಒಂದೇ ಒಂದು ವಿಕೆಟ್. ಆ ಒಂದು ಮಾತ್ರ 1900ರಲ್ಲಿ, ಮಹಾನ್ ಡಬ್ಲ್ಯು.ಜಿ. ಗ್ರೇಸ್‌ನದು!

ಅದೇ 1900ರಲ್ಲಿ ಬೋಯರ್ ಯುದ್ಧಕ್ಕೆ ಡಾಕ್ಟರಾಗಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಟೈಫಾಯ್ಡ್ ರೋಗಿಗಳಿಂದ ತುಂಬಿದ ಆಸ್ಪತ್ರೆಯಲ್ಲಿ ದುಡಿದ. ಆ ಯುದ್ಧದಲ್ಲಿ ಬ್ರಿಟನ್ನಿನ ಪರ ವಾದಿಸಿ ಪುಸ್ತಕ ಬರೆದ. 1902ರಲ್ಲಿ ಸರ್ ಪದವಿ ಬಂತು. 1901ರಲ್ಲಿ 'ದ ಹೌಂಡ್ ಆಫ್ ದ ಬಾಸ್ಕರ್‌ವಿಲ್ಸ್' ಶುರುವಾದಾಗ, ಇದು ಹೋಮ್ಸ್ ಸಾಯುವ ಮುಂಚಿನ ಕಥೆ ಎಂದು ಜಾಣತನ ಮಾಡಿದ. ಕೊನೆಗೆ ಅಮೆರಿಕದ ಪತ್ರಿಕೆಯೊಂದು ದೊಡ್ಡ ಮೊತ್ತ ಮುಂದಿಟ್ಟಾಗ, 1903ರಲ್ಲಿ ಹೋಮ್ಸ್ ಬದುಕಿಯೇ ಬಂದ. ಜಲಪಾತಕ್ಕೆ ಬಿದ್ದದ್ದು ಮೊರಿಯಾರ್ಟಿ ಒಬ್ಬನೇ ಅಂತೆ! ಒಟ್ಟು ಲೆಕ್ಕ 4 ಕಾದಂಬರಿ, 56 ಕಥೆ. ಕೊನೆಯದು 1927ರಲ್ಲಿ.

ಪೇಪರನ್ನು ಮೂಗಿಗೆ ಹಿಡಿದು ಓದಿದವನು

ನನಗೆ ಡಾಯ್ಲ್ ನಿಜವಾಗಿ ಇಷ್ಟವಾದದ್ದು ಇಲ್ಲಿ. ಇದು ಕಥೆಯಲ್ಲ, ನಡೆದದ್ದು.

ಮುಂಬೈಯಲ್ಲಿ ಹುಟ್ಟಿದ ಪಾರ್ಸಿ ಶಾಪುರ್ಜಿ ಎಡಾಲ್ಜಿ ಕ್ರೈಸ್ತನಾಗಿ ಇಂಗ್ಲೆಂಡಿಗೆ ಹೋಗಿ, ಸ್ಟಾಫರ್ಡ್‌ಶೈರಿನ ಗ್ರೇಟ್ ವೈರ್ಲಿ ಎಂಬ ಹಳ್ಳಿಯಲ್ಲಿ ಪಾದ್ರಿಯಾದ. ಹೆಂಡತಿ ಇಂಗ್ಲಿಷಿನವಳು. ಮಗ ಜಾರ್ಜ್ ವಕೀಲನಾದ, ರೈಲ್ವೆ ಕಾನೂನಿನ ಬಗ್ಗೆ ಒಂದು ಪುಸ್ತಕವನ್ನೂ ಬರೆದ. ಕುಡಿಯದ, ಸೇದದ, ತಾನಾಯಿತು ತನ್ನ ಕೆಲಸವಾಯಿತು ಎನ್ನುವ ಹುಡುಗ. ಆದರೆ ಬಣ್ಣ ಕಪ್ಪು. ಆ ಮನೆಗೆ ವರ್ಷಗಟ್ಟಲೆ ಹೆಸರಿಲ್ಲದ ಬೈಗುಳದ ಪತ್ರಗಳು ಬರುತ್ತಿದ್ದವು. 1903ರಲ್ಲಿ ಆ ಭಾಗದಲ್ಲಿ ಯಾರೋ ರಾತ್ರಿ ಹೊತ್ತು ಕುದುರೆ, ದನಗಳ ಹೊಟ್ಟೆ ಸೀಳತೊಡಗಿದರು. ಪೊಲೀಸರು ಜಾರ್ಜ್‌ನನ್ನು ಹಿಡಿದರು. ಏಳು ವರ್ಷ ಶಿಕ್ಷೆಯಾಯಿತು. 10,000 ಜನ ಸಹಿ ಹಾಕಿ ಮನವಿ ಕೊಟ್ಟರೂ ಪ್ರಯೋಜನವಾಗಲಿಲ್ಲ. ಮೂರು ವರ್ಷ ಆದ ಮೇಲೆ 1906ರಲ್ಲಿ, ಕಾರಣವನ್ನೂ ಹೇಳದೆ ಬಿಟ್ಟರು. ಅಪರಾಧಿ ಎಂಬ ಹಣೆಪಟ್ಟಿ ಹಾಗೇ ಉಳಿಯಿತು. ವಕೀಲಿಕೆಯೂ ಹೋಯಿತು.

ಆ ಜುಲೈನಲ್ಲಿ ಲೂಯಿಸಾ ತೀರಿಕೊಂಡಿದ್ದಳು. ಡಾಯ್ಲ್ ಕುಸಿದು ಕೂತಿದ್ದ. ಅವನ ಕಣ್ಣಿಗೆ ಈ ಪ್ರಕರಣ ಬಿತ್ತು. 1907ರ ಜನವರಿಯಲ್ಲಿ ಲಂಡನ್ನಿನ ಹೋಟೆಲೊಂದರಲ್ಲಿ ಭೇಟಿ. ಡಾಯ್ಲ್ ಬರುವುದು ಸ್ವಲ್ಪ ತಡವಾಯಿತು. ದೂರದಿಂದಲೇ ನೋಡಿದ: ಜಾರ್ಜ್ ಕೂತು ಪೇಪರ್ ಓದುತ್ತಿದ್ದಾನೆ, ಪೇಪರನ್ನು ಕಣ್ಣಿಗೆ ತೀರಾ ಹತ್ತಿರ, ಸ್ವಲ್ಪ ಓರೆಯಾಗಿ ಹಿಡಿದಿದ್ದಾನೆ. ರೋಗಿಗಳು ಬಾರದೆ ಮುಚ್ಚಿದ ಕಣ್ಣಿನ ಡಾಕ್ಟರನಿಗೆ ಅಷ್ಟು ಸಾಕಾಯಿತು. ತೀವ್ರ ಸಮೀಪದೃಷ್ಟಿ, ಜೊತೆಗೆ ಆಸ್ಟಿಗ್ಮ್ಯಾಟಿಸಮ್. ಇಂಥವನು ಕಗ್ಗತ್ತಲ ರಾತ್ರಿಯಲ್ಲಿ ರೈಲು ಹಳಿ ದಾಟಿ, ಬೇಲಿ ಹಾರಿ, ಹೊಲದಲ್ಲಿದ್ದ ಕುದುರೆಯನ್ನು ಹುಡುಕಿ ಸೀಳಿ ಬರಲು ಸಾಧ್ಯವೇ?

ಡಾಯ್ಲ್ ಅಲ್ಲಿಗೇ ನಿಲ್ಲಿಸಲಿಲ್ಲ. ಹಳ್ಳಿಗೆ ಹೋಗಿ ಆ ದಾರಿಯಲ್ಲಿ ನಡೆದು ನೋಡಿದ. ಸಾಕ್ಷ್ಯಗಳನ್ನು ಒಂದೊಂದಾಗಿ ತೂಗಿದ. ಜಾರ್ಜ್‌ನ ಕೋಟಿನ ಮೇಲೆ ಕುದುರೆಯ ಕೂದಲು ಸಿಕ್ಕಿತ್ತು, ನಿಜ. ಆದರೆ ಪೊಲೀಸರು ಆ ಕೋಟನ್ನೂ ಸತ್ತ ಕುದುರೆಯ ಚರ್ಮದ ತುಂಡನ್ನೂ ಪರೀಕ್ಷೆಗೆ ಒಟ್ಟಿಗೇ ಸಾಗಿಸಿದ್ದರು! ಬೂಟಿನ ಕೆಸರಿನ ಬಣ್ಣ ಆ ಹೊಲದ ಮಣ್ಣಿಗೆ ಹೊಂದುತ್ತಿರಲಿಲ್ಲ. ಪತ್ರಗಳು ಜಾರ್ಜ್‌ನ ಕೈಬರಹ ಎಂದ ತಜ್ಞ, ಬೇರೊಂದು ಪ್ರಸಿದ್ಧ ಪ್ರಕರಣದಲ್ಲಿ ತಪ್ಪು ಹೇಳಿ ನಿರಪರಾಧಿಯೊಬ್ಬನನ್ನು ಜೈಲಿಗೆ ಕಳಿಸಿದ್ದವನು. ರಾತ್ರಿ ಮಗ ತನ್ನ ಕೋಣೆಯಲ್ಲೇ, ಬೀಗ ಹಾಕಿದ ಬಾಗಿಲ ಒಳಗೆ ಮಲಗಿದ್ದ ಎಂದು ಅಪ್ಪ ಹೇಳಿದ್ದನ್ನು ಯಾರೂ ನಂಬಿರಲಿಲ್ಲ. ಜಾರ್ಜ್ ಒಳಗಿದ್ದಾಗಲೂ ಪ್ರಾಣಿಗಳ ಮೇಲಿನ ದಾಳಿ ನಿಂತಿರಲಿಲ್ಲ. ಅಂದರೆ ಪೊಲೀಸರು ಮೊದಲು ಉತ್ತರ ಬರೆದುಕೊಂಡಿದ್ದರು, ಆಮೇಲೆ ರೀಡಿಂಗ್ ತುಂಬಿಸಿದ್ದರು. ನಾವು ಲ್ಯಾಬಿನಲ್ಲಿ ಮಾಡಿದ್ದೇ. ನಮ್ಮದರಲ್ಲಿ ಯಾರೂ ಜೈಲಿಗೆ ಹೋಗಲಿಲ್ಲ ಅಷ್ಟೇ.

ಡಾಯ್ಲ್ ಇದನ್ನೆಲ್ಲ 'ಡೈಲಿ ಟೆಲಿಗ್ರಾಫ್' ಪತ್ರಿಕೆಯಲ್ಲಿ ಬರೆದ. ದೇಶವೇ ಮಾತಾಡಿತು. ಸರ್ಕಾರ ಸಮಿತಿ ಮಾಡಿತು. ಮೇ ತಿಂಗಳಲ್ಲಿ ಜಾರ್ಜ್‌ಗೆ ಕ್ಷಮಾದಾನ ಸಿಕ್ಕಿತು, ವಕೀಲಿಕೆಯೂ ವಾಪಸ್ ಬಂತು. ಪರಿಹಾರ ಮಾತ್ರ ಒಂದು ಕಾಸೂ ಇಲ್ಲ. ಆ ಪತ್ರಗಳನ್ನು ಬರೆದು ತೊಂದರೆಯನ್ನು ತಾನೇ ಮೈಮೇಲೆ ಎಳೆದುಕೊಂಡ ಎಂದಿತು ಸಮಿತಿ! ಡಾಯ್ಲ್ ಕೆಂಡವಾದ. ಅದೇ 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಸ್ಥಾಪನೆಯಾಗಲು ಈ ಗದ್ದಲವೂ ಒಂದು ಕಾರಣ. ಸೆಪ್ಟೆಂಬರಿನಲ್ಲಿ ಡಾಯ್ಲ್ ಜೀನ್ ಲೆಕಿಯನ್ನು ಮದುವೆಯಾದಾಗ, ಆರತಕ್ಷತೆಗೆ ಬಂದ ಅತಿಥಿಗಳಲ್ಲಿ ಜಾರ್ಜ್ ಎಡಾಲ್ಜಿಯೂ ಇದ್ದ.

ಇದರಲ್ಲೂ ಡಾಯ್ಲ್ ಒಂದು ಕಡೆ ಎಡವಿದ. ನಿಜವಾದ ಅಪರಾಧಿ ಇವನೇ ಎಂದು ಸ್ಥಳೀಯನೊಬ್ಬನ ಮೇಲೆ ಬೊಟ್ಟು ಮಾಡಿ ಸರ್ಕಾರಕ್ಕೆ ಬರೆದ. ಅದಕ್ಕೆ ಗಟ್ಟಿ ಆಧಾರವಿರಲಿಲ್ಲ, ಯಾರೂ ಒಪ್ಪಲಿಲ್ಲ. ಒಬ್ಬನ ಮೇಲಿನ ಅನುಮಾನವನ್ನು ಹರಿದುಹಾಕಿದ ಕೈಯೇ ಇನ್ನೊಬ್ಬನ ಮೇಲೆ ಅನುಮಾನ ಹೊಲಿಯಿತು.

ಮುಂದೆ ಆಸ್ಕರ್ ಸ್ಲೇಟರ್ ಎಂಬ ಜರ್ಮನ್ ಯಹೂದಿಯ ಪರವಾಗಿಯೂ ನಿಂತ. ಗ್ಲಾಸ್ಗೋದ ಮುದುಕಿಯೊಬ್ಬಳ ಕೊಲೆಯ ಆರೋಪದಲ್ಲಿ 1909ರಲ್ಲಿ ಶಿಕ್ಷೆಯಾದವನು ಅವನು. 1912ರಲ್ಲಿ ಡಾಯ್ಲ್ ಅವನ ಬಗ್ಗೆ ಪುಸ್ತಕ ಬರೆದ, ವರ್ಷಗಟ್ಟಲೆ ಬೆನ್ನು ಹತ್ತಿದ. ಹದಿನೆಂಟು ವರ್ಷ ಕಳೆದ ಮೇಲೆ ಸ್ಲೇಟರ್ ಹೊರಬಂದ, 1928ರಲ್ಲಿ ಶಿಕ್ಷೆ ರದ್ದಾಯಿತು.

ಕಿನ್ನರಿಯರ ಫೋಟೋ

ಇನ್ನು ನಾಣ್ಯದ ಆಚೆ ಮುಖ. ಡಾಯ್ಲ್‌ಗೆ ಬಹಳ ಹಿಂದಿನಿಂದಲೂ ಸತ್ತವರ ಆತ್ಮದ ಜೊತೆ ಮಾತಾಡಬಹುದೇ ಎಂಬ ಕುತೂಹಲ ಇತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಅದು ಗಟ್ಟಿ ನಂಬಿಕೆಯಾಯಿತು. ಯುದ್ಧದಲ್ಲಿ ಗಾಯಗೊಂಡಿದ್ದ ಮಗ ಕಿಂಗ್ಸ್‌ಲಿ 1918ರ ಅಕ್ಟೋಬರಿನಲ್ಲಿ ಜ್ವರದಿಂದ ತೀರಿಕೊಂಡ. ನಾಲ್ಕು ತಿಂಗಳಿಗೆ ತಮ್ಮ ಇನೆಸ್ ಹೋದ. ಆ ನಂಬಿಕೆಯನ್ನು ಸಾರುತ್ತಾ ಡಾಯ್ಲ್ ದೇಶ ದೇಶ ಸುತ್ತಿದ, ದುಡ್ಡು ಸುರಿದ.

ಇದೇ ಹೊತ್ತಿಗೆ ಯಾರ್ಕ್‌ಶೈರಿನ ಕಾಟಿಂಗ್ಲಿ ಎಂಬ ಊರಿನ ಇಬ್ಬರು ಹುಡುಗಿಯರು, ಎಲ್ಸಿ ರೈಟ್ ಮತ್ತು ಫ್ರಾನ್ಸಿಸ್ ಗ್ರಿಫಿತ್ಸ್, 1917ರಲ್ಲಿ ತೆಗೆದ ಫೋಟೋಗಳು ಅವನ ಕೈಗೆ ಬಂದವು. ಹಳ್ಳದ ಪಕ್ಕ ಕೂತ ಹುಡುಗಿಯ ಮುಂದೆ ರೆಕ್ಕೆಯ ಪುಟಾಣಿ ಕಿನ್ನರಿಯರು ಕುಣಿಯುತ್ತಿದ್ದಾರೆ! ಕೊಡಾಕ್ ಕಂಪನಿಯವರು ಇದು ಅಸಲಿ ಎಂದು ಪ್ರಮಾಣಪತ್ರ ಕೊಡಲು ಒಪ್ಪಲಿಲ್ಲ. ಡಾಯ್ಲ್ ಮಾತ್ರ ನಂಬಿದ. 1920ರ ಡಿಸೆಂಬರಿನಲ್ಲಿ, ಹೋಮ್ಸ್ ಬೆಳೆದ ಅದೇ ಸ್ಟ್ರ್ಯಾಂಡ್ ಪತ್ರಿಕೆಯಲ್ಲಿ ಅವನ್ನು ಪ್ರಕಟಿಸಿದ. 1922ರಲ್ಲಿ ಒಂದು ಪುಸ್ತಕವನ್ನೇ ಬರೆದ. ಜನ ನಕ್ಕರು.

1983ರಲ್ಲಿ, ಮುದುಕಿಯರಾದ ಮೇಲೆ ಆ ಇಬ್ಬರು ನಿಜ ಹೇಳಿದರು. ಮಕ್ಕಳ ಪುಸ್ತಕವೊಂದರ ಚಿತ್ರಗಳನ್ನು ನೋಡಿ ಕಾಗದದಲ್ಲಿ ಬರೆದು, ಕತ್ತರಿಸಿ, ಟೋಪಿಗೆ ಚುಚ್ಚುವ ಪಿನ್ನುಗಳಿಂದ ನಿಲ್ಲಿಸಿದ್ದರು. ಆ ಪುಸ್ತಕ 1914ರ 'ಪ್ರಿನ್ಸೆಸ್ ಮೇರೀಸ್ ಗಿಫ್ಟ್ ಬುಕ್'. ತಮಾಷೆ ಗೊತ್ತಾ? ಅದೇ ಪುಸ್ತಕದಲ್ಲಿ ಡಾಯ್ಲ್ ಬರೆದ ಒಂದು ಕಥೆಯೂ ಇತ್ತು. ಸುಳಿವು ಅವನ ಮನೆಯ ಕಪಾಟಿನಷ್ಟೇ ಹತ್ತಿರದಲ್ಲಿತ್ತು.

ಜಾದೂಗಾರ ಹ್ಯಾರಿ ಹೂಡಿನಿಯ ಸ್ನೇಹ ಮುರಿದದ್ದೂ ಈ ನಂಬಿಕೆಯಿಂದಲೇ. 1922ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಡಾಯ್ಲ್‌ನ ಹೆಂಡತಿ ಜೀನ್, ಹೂಡಿನಿಯ ತೀರಿಹೋದ ತಾಯಿ ಬರೆಸಿದ್ದು ಎಂದು ಪುಟಗಟ್ಟಲೆ ಇಂಗ್ಲಿಷಿನಲ್ಲಿ ಬರೆದುಕೊಟ್ಟಳು. ಮೊದಲ ಪುಟದಲ್ಲಿ ಶಿಲುಬೆಯ ಗುರುತು. ಹೂಡಿನಿಯ ತಾಯಿ ಯಹೂದಿ, ಇಂಗ್ಲಿಷ್ ಬಾರದವಳು. ಹೂಡಿನಿ ಹೋಮ್ಸ್‌ನ ಹಾಗೆ ನೋಡಿದ. ಹೋಮ್ಸ್‌ನನ್ನು ಸೃಷ್ಟಿಸಿದವನು ನೋಡಲಿಲ್ಲ.

ಇದನ್ನು ಓದಿದಾಗ ಮೊದಲು ನನಗೂ ನಗು ಬಂತು. ಆಮೇಲೆ ನಿಂತುಹೋಯಿತು. ಎಡಾಲ್ಜಿಯ ವಿಷಯದಲ್ಲಿ ಡಾಯ್ಲ್‌ಗೆ ಕಳೆದುಕೊಳ್ಳುವುದು ಏನೂ ಇರಲಿಲ್ಲ, ಹಾಗಾಗಿ ಕಣ್ಣು ಚೊಕ್ಕವಾಗಿತ್ತು. ಇಲ್ಲಿ ಮಗನನ್ನೂ ತಮ್ಮನನ್ನೂ ಮತ್ತೆ ಕಾಣುವ ಆಸೆ ಎದುರಿಗೆ ಕೂತಿತ್ತು. ಉತ್ತರ ಮೊದಲೇ ಬೇಕಾಗಿತ್ತು. ರೀಡಿಂಗ್ ತಾನಾಗಿ ಬಗ್ಗಿತು. ಬುದ್ಧಿ ಇಲ್ಲದವರು ಮಾತ್ರ ಹೀಗೆ ಮೋಸಹೋಗುತ್ತಾರೆ ಅಂದುಕೊಂಡರೆ ನಾವೂ ಮುಂದಿನ ಸಾಲಿನಲ್ಲೇ ನಿಂತಿದ್ದೇವೆ.

1930ರ ಜುಲೈ 7ರಂದು ಕ್ರೋಬರೋದ ತನ್ನ ಮನೆಯಲ್ಲಿ ಡಾಯ್ಲ್ ಕೊನೆಯುಸಿರೆಳೆದ. ಆರು ದಿನದ ಮೇಲೆ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಸಾವಿರಾರು ಜನ ಸೇರಿದರು. ವೇದಿಕೆಯ ಮೇಲೆ ಅವನಿಗೆಂದು ಒಂದು ಖಾಲಿ ಕುರ್ಚಿ ಇಟ್ಟಿದ್ದರು.

ಓದಬೇಕು ಅನ್ನಿಸಿದರೆ

ದುಡ್ಡು ಬೇಕಿಲ್ಲ, ಡೇಟಾ ಸಾಕು. ಡಾಯ್ಲ್ ಕೃತಿಗಳ ಹಕ್ಕುಸ್ವಾಮ್ಯ ನಮ್ಮಲ್ಲಿ ಎಂದೋ ಮುಗಿದಿದೆ. ಅಮೆರಿಕದಲ್ಲಿ ಕೊನೆಯ ಕಥೆಗಳದ್ದೂ 2023ಕ್ಕೆ ಮುಗಿಯಿತು. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪ್ರಮುಖ ಹೋಮ್ಸ್ ಪುಸ್ತಕಗಳು ಉಚಿತ. ಬಸ್ಸಿನಲ್ಲಿ ಓದಲಾಗದವರು ಲಿಬ್ರಿವಾಕ್ಸ್‌ನಲ್ಲಿ ಕೇಳಬಹುದು. ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಟ್ರ್ಯಾಂಡ್ ಪತ್ರಿಕೆಯ ಹಳೆಯ ಸಂಚಿಕೆಗಳೇ ಸ್ಕ್ಯಾನ್ ಆಗಿವೆ, ಪ್ಯಾಜೆಟ್ ಚಿತ್ರಗಳ ಸಮೇತ. ಮೊದಲು 'ದ ರೆಡ್-ಹೆಡೆಡ್ ಲೀಗ್' ಮತ್ತು 'ಸಿಲ್ವರ್ ಬ್ಲೇಜ್' ಓದಿ. ವಿವರಣೆ ಬರುವ ಪುಟಕ್ಕೆ ಮೊದಲು ನಿಲ್ಲಿಸಿ, ಕಂಡ ಸುಳಿವುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಆಮೇಲೆ ಮುಂದುವರಿಯಿರಿ. ಪೋ ಬರೆದ ಡ್ಯುಪಾಂ ಕಥೆಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ. ಊರಿಗೆ ಹೋದಾಗ ಮನೆಯ ಅಟ್ಟದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳಿದ್ದರೆ ಅವನ್ನೂ ಇಳಿಸಿ, ಧೂಳು ಕೊಡವಿ.

ಅಂದಹಾಗೆ, ಈ ಸೆಮಿಸ್ಟರ್ ಲ್ಯಾಬಿನಲ್ಲಿ ನಮ್ಮ ಒಂದು ಗ್ರಾಫ್ ಮತ್ತೆ ಸೊಟ್ಟ ಬಂತು. ಹಾಗೇ ಬರೆದು ತೋರಿಸಿದೆವು. ಮೇಡಂ ಬೈಯಲಿಲ್ಲ, ಉಪಕರಣ ನೋಡಿ ಎಂದರು. ನೋಡಿದರೆ ಒಂದು ಸ್ಕ್ರೂ ಸಡಿಲವಾಗಿತ್ತು.